ಪದಚರ್ಚೆ: ‘ಸಿಗ್ನಲ್ ಬಿತ್ತು’ ಎಂದರೆ ನಿಲ್ಲಬೇಕೋ, ಹೊರಡಬೇಕೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ರಸ್ತೆಗಳನ್ನು ನೋಡುವುದಕ್ಕಾಗಿಯೇ ಗಾಡಿ ತೆಗೆಯುವ ಹವ್ಯಾಸ ನನ್ನದು. ತಲುಪಬೇಕಾದ ಊರಿಗಿಂತ ದಾರಿಯಲ್ಲಿ ಎದುರಾಗುವ ಸೇತುವೆಯ ಕಂಬಗಳು, ಫಲಕಗಳ ಅಕ್ಷರ, ಕೂಡುರಸ್ತೆಯ ತಿರುವು, ದೀಪಗಳ ಸರದಿ ಇವುಗಳ ಮೇಲೆಯೇ ನನ್ನ ಕಣ್ಣು. ಕಂಡದ್ದನ್ನು ಅದೇ ರಾತ್ರಿ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ. ಹೀಗೆ ಬರೆಯುವಾಗ ವಸ್ತುಗಳ ಹೆಸರಿಗಾಗಿ ತಡಕಾಡಬೇಕಾಗುತ್ತದೆಂದು ಮೊದಲೇ ಎಣಿಸಿದ್ದೆ. ಆದರೆ ಈಚಿನ ಒಂದು ಪ್ರಯಾಣದಲ್ಲಿ ನನ್ನನ್ನು ಅಕ್ಷರಶಃ ನಡುರಸ್ತೆಯಲ್ಲಿ ನಿಲ್ಲಿಸಿದ್ದು ‘ಬೀಳು’ ಎಂಬ ತೀರ ಸಾಮಾನ್ಯವಾದ ಕ್ರಿಯಾಪದ.

ಅಂದು ಪಕ್ಕದ ಸೀಟಿನಲ್ಲಿ ನನ್ನ ಸೋದರಮಾವ ಕುಳಿತಿದ್ದರು. ಅವರು ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ನಾಲ್ಕು ರಸ್ತೆಗಳು ಕೂಡುವ ಒಂದೆಡೆಗೆ ಬರುತ್ತಿದ್ದಾಗ ಸಂಜೆಯ ಇಳಿಬಿಸಿಲು ಗಾಜಿಗೆ ನೇರವಾಗಿ ಹೊಡೆಯುತ್ತಿದ್ದುದರಿಂದ ದೀಪದ ಬಣ್ಣ ನನಗೆ ಗುರುತಾಗಲಿಲ್ಲ. ಮಾವ ಹುಬ್ಬಿನ ಮೇಲೆ ಅಂಗೈ ಹಿಡಿದು ನೋಡಿ, ‘ಸಿಗ್ನಲ್ ಬಿತ್ತು ನೋಡೋ’ ಎಂದರು. ನಾನು ಗಕ್ಕನೆ ಬ್ರೇಕ್ ಒತ್ತಿದೆ. ಹಿಂದಿನಿಂದ ಹಾರ್ನುಗಳ ಮೇಳ ಶುರುವಾಯಿತು. ದೀಪ ಹಸಿರಾಗಿತ್ತು. ‘ಬಿತ್ತು ಅಂದಮೇಲೆ ನಿಲ್ಲಿಸಿದೆ ಯಾಕೆ?’ ಎಂದು ಅವರು, ‘ಬಿತ್ತು ಅಂದಿದ್ದಕ್ಕೇ ನಿಲ್ಲಿಸಿದ್ದು ಮಾವ’ ಎಂದು ನಾನು, ಮುಂದಿನ ಸೇತುವೆ ದಾಟುವವರೆಗೂ ವಾದಿಸಿದೆವು. ಹಾಗಾಗಿ ಆ ಸೇತುವೆಯ ಬಗ್ಗೆ ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಮಾವನ ಮಾತಿಗೆ ಗಟ್ಟಿಯಾದ ಆಧಾರವಿದೆ ಎಂಬುದು ಅನಂತರ ನನಗೆ ಹೊಳೆಯಿತು. ಹಳೆಯ ರೈಲ್ವೆ ಸಿಗ್ನಲ್ ಎಂದರೆ ಕಂಬದ ತುದಿಯಲ್ಲೊಂದು ತೋಳು. ತೋಳು ಅಡ್ಡಕ್ಕೆ ನೆಟ್ಟಗೆ ಚಾಚಿದ್ದರೆ ‘ನಿಲ್ಲು’; ತಂತಿ ಎಳೆದಾಗ ಅದು ಕೆಳಕ್ಕೆ ಬಾಗಿದರೆ ‘ದಾರಿ ತೆರವಾಗಿದೆ, ಹೋಗು’. ಆದ್ದರಿಂದ ನಿಲ್ದಾಣದಲ್ಲಿ ಗಾಡಿಗಾಗಿ ಕಾದು ಕುಳಿತವರಿಗೆ ‘ಸಿಗ್ನಲ್ ಬಿತ್ತು’ ಎಂಬುದು ಏಳಿ, ಗಂಟು ಮೂಟೆ ಎತ್ತಿಕೊಳ್ಳಿ ಎಂಬ ಶುಭವಾರ್ತೆ. ಇಲ್ಲಿ ‘ಬೀಳು’ ಎಂಬುದರಲ್ಲಿ ಯಾವ ಅಲಂಕಾರವೂ ಇಲ್ಲ, ತೋಳು ನಿಜವಾಗಿಯೇ ಬೀಳುತ್ತಿತ್ತು. ಬಿದ್ದ ತೋಳು ‘ಹೋಗು’ ಎನ್ನುವ ಈ ಏರ್ಪಾಡಿನಲ್ಲಿ ಒಂದು ಅಪಾಯವೂ ಅಡಗಿತ್ತು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್‌ನಲ್ಲಿ ಹಿಮ ಕಟ್ಟಿಕೊಂಡ ತೋಳುಗಳು ಮೇಲೇಳಲಾರದೆ ‘ಹೋಗು’ ಎಂಬ ಸ್ಥಿತಿಯಲ್ಲೇ ಉಳಿದು ರೈಲುಗಳು ಡಿಕ್ಕಿಯಾದವು. ಮುಂದೆ ಅನೇಕ ಕಡೆ ತೋಳು ಮೇಲಕ್ಕೇರಿದರೆ ‘ಹೋಗು’ ಎಂಬ ಬಗೆಯ ಸಿಗ್ನಲ್‌ಗಳು ಬಂದವು. ಆ ಬಗೆಯ ಸಿಗ್ನಲ್ ಇದ್ದ ಮಾರ್ಗಗಳಲ್ಲಿ ಬೆಳೆದ ಕನ್ನಡಿಗರು ‘ಸಿಗ್ನಲ್ ಎದ್ದಿತು’ ಎನ್ನುತ್ತಿದ್ದರೇ ಎಂಬುದು ನನ್ನ ಉಪಪ್ರಶ್ನೆ.

ರಸ್ತೆಯ ಸಿಗ್ನಲ್ ಹುಟ್ಟಿದ್ದೂ ಇದೇ ಮನೆತನದಲ್ಲಿ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಭವನದ ಬಳಿ ನಿಲ್ಲಿಸಿದ ಮೊದಲ ಸಿಗ್ನಲ್ಲನ್ನು ಯೋಜಿಸಿದವರು ರೈಲ್ವೆಯವರಾದ ಜಾನ್ ಪೀಕ್ ನೈಟ್. ಅದಕ್ಕೆ ಹಗಲಲ್ಲಿ ರೈಲ್ವೆ ಮಾದರಿಯ ತೋಳುಗಳು, ರಾತ್ರಿಯಲ್ಲಿ ಕೆಂಪು, ಹಸಿರು ಬಣ್ಣದ ಗ್ಯಾಸ್ ದೀಪಗಳು. ತೋಳು ಅಡ್ಡಕ್ಕಿದ್ದರೆ ಗಾಡಿಗಳು ನಿಲ್ಲಬೇಕು, ಕೆಳಕ್ಕಿಳಿದರೆ ಎಚ್ಚರದಿಂದ ಮುಂದೆ ಸಾಗಬಹುದು. ಮರುತಿಂಗಳೇ ಗ್ಯಾಸ್ ಸೋರಿ ಅದು ಸಿಡಿದು, ನಡೆಸುತ್ತಿದ್ದ ಪೊಲೀಸಿನವನು ಗಾಯಗೊಂಡದ್ದರಿಂದ ಆ ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ. ಅಂತೂ ಮೊತ್ತಮೊದಲ ರಸ್ತೆ ಸಿಗ್ನಲ್ಲಿನ ಮುಂದೆ ಮಾವ ನಿಂತಿದ್ದರೆ ಅವರ ಕನ್ನಡವೇ ಸರಿಯಾಗಿರುತ್ತಿತ್ತು.

ಹಾಗಿದ್ದರೆ ನನ್ನ ಬಾಯಲ್ಲಿ, ನನ್ನ ಓರಗೆಯವರ ಬಾಯಲ್ಲಿ, ಅದೇ ಮಾತು ತಲೆಕೆಳಗಾದದ್ದು ಹೇಗೆ? ‘ಮೂರು ಕಡೆ ಸಿಗ್ನಲ್ ಬಿತ್ತು, ಅದಕ್ಕೇ ತಡ’ ಎಂದರೆ ಮೂರು ಕಡೆ ಕೆಂಪು ದೀಪಕ್ಕೆ ನಿಂತೆವೆಂದೇ ನಮ್ಮ ಅರ್ಥ. ಇದಕ್ಕೆ ಮೂಲ ರೈಲ್ವೆಯ ಇನ್ನೊಂದು ವಸ್ತುವಿನಲ್ಲಿರಬಹುದೆಂದು ನನ್ನ ಊಹೆ: ಅದು ಹಳಿ ದಾಟುವಲ್ಲಿನ ಗೇಟು. ‘ಗೇಟು ಬಿತ್ತು’ ಎಂದರೆ ರಸ್ತೆಯವನಿಗೆ ದಾರಿ ಬಂದ್. ಒಂದೇ ರೈಲು ಬರುವ ಹೊತ್ತಿನಲ್ಲಿ ಹಳಿಯ ಪಕ್ಕದ ತೋಳೂ ಬೀಳುತ್ತದೆ, ರಸ್ತೆಗೆ ಅಡ್ಡಲಾಗಿ ಗೇಟೂ ಬೀಳುತ್ತದೆ. ಮೊದಲನೆಯದು ಡ್ರೈವರಿಗೆ ‘ಬಾ’ ಎಂದರೆ ಎರಡನೆಯದು ನಮಗೆ ‘ನಿಲ್ಲು’ ಎನ್ನುತ್ತದೆ. ಮಾವ ಹಳಿಯ ಕಡೆಯಿಂದ ಮಾತು ಕಲಿತವರು, ನಾನು ಗೇಟಿನ ಈಚೆ ಬೈಕುಗಳ ನಡುವೆ ನಿಂತು ಕಲಿತವನು.

ಗೇಟಿನ ಪಕ್ಷಕ್ಕೆ ಭಾಷೆಯೊಳಗಿನ ಬಲವೂ ಇದೆ. ಬೀಗ ಬಿತ್ತು, ತೆರೆ ಬಿತ್ತು, ಕತ್ತರಿ ಬಿತ್ತು, ತಡೆ ಬಿತ್ತು, ದಂಡ ಬಿತ್ತು ಎಂಬ ಮಾತುಗಳಲ್ಲೆಲ್ಲ ‘ಬೀಳು’ ಎಂಬುದು ನಡೆಯುತ್ತಿದ್ದ ಒಂದನ್ನು ನಿಲ್ಲಿಸುವ ಅಥವಾ ಮೇಲಿನಿಂದ ಎರಗುವ ಕ್ರಿಯೆ. ‘ನಮಗೆ ದಂಡ ಬಿತ್ತು’ ಎನ್ನುವಂತೆಯೇ ‘ನಮಗೆ ಸಿಗ್ನಲ್ ಬಿತ್ತು’ ಎಂದು ಚತುರ್ಥಿ ಬಳಸುತ್ತೇವೆ. ಹೀಗೆ ಹೇಳಿದಾಗ ಹಸಿರಿನ ಅರ್ಥ ಹೊಮ್ಮುವುದೇ ಇಲ್ಲವೆಂದು ನನಗೆ ತೋರುತ್ತದೆ. ಆದರೆ ಬಣ್ಣದ ಹೆಸರು ಜೊತೆಗೂಡಿದ ಕೂಡಲೇ ಜಗಳ ಮುಗಿಯುತ್ತದೆ. ‘ಕೆಂಪು ಬಿತ್ತು’, ‘ಹಸಿರು ಬಿತ್ತು’ ಎರಡನ್ನೂ ಎಲ್ಲರೂ ಒಪ್ಪುತ್ತಾರೆ, ಏಕೆಂದರೆ ಅಲ್ಲಿರುವುದು ಬಿಸಿಲು ಬಿತ್ತು, ಬೆಳಕು ಬಿತ್ತು, ಕಣ್ಣಿಗೆ ಬಿತ್ತು ಎಂಬಲ್ಲಿನ ‘ಬೀಳು’. ಅದಕ್ಕೆ ನಿಲ್ಲುವ ಹಂಗೂ ಇಲ್ಲ, ಹೋಗುವ ಹಂಗೂ ಇಲ್ಲ. ಹಳದಿಗೆ ಮಾತ್ರ ಯಾರೂ ‘ಬಿತ್ತು’ ಎಂದದ್ದನ್ನು ನಾನು ಕೇಳಿಲ್ಲ; ಅದನ್ನು ಕಂಡವರು ಮಾತಾಡುವುದಕ್ಕಿಂತ ವೇಗ ಹೆಚ್ಚಿಸುವುದರಲ್ಲಿ ತೊಡಗಿರುತ್ತಾರೆ.

ಇಷ್ಟು ಸಾಲದೆಂಬಂತೆ ‘ಆ ದಾರಿಯಲ್ಲಿ ನಾಲ್ಕು ಸಿಗ್ನಲ್ ಬೀಳುತ್ತವೆ’ ಎಂಬ ಇನ್ನೊಂದು ಪ್ರಯೋಗವಿದೆ. ಇಲ್ಲಿ ಸಿಗ್ನಲ್ ಎಂದರೆ ದೀಪವೂ ಅಲ್ಲ, ಅದರ ಆಜ್ಞೆಯೂ ಅಲ್ಲ, ಕೇವಲ ಒಂದು ಸ್ಥಳ. ‘ಮುಂದಿನ ಸಿಗ್ನಲ್‌ನಲ್ಲಿ ಎಡಕ್ಕೆ’, ‘ಸಿಗ್ನಲ್ ಹತ್ತಿರ ಇಳಿಸಿ’ ಎಂಬಲ್ಲಿಯೂ ಹೀಗೆಯೇ. ಮೇಲ್ಸೇತುವೆ ಕಟ್ಟಿ ದೀಪಗಳನ್ನು ಕಿತ್ತುಹಾಕಿದ ಮೇಲೂ ಆ ಜಾಗ ಸಿಗ್ನಲ್ಲಾಗಿಯೇ ಉಳಿಯುತ್ತದೆ. ಆದ್ದರಿಂದ ‘ಸಂಚಾರ ದೀಪ’ ಎಂಬ ಅಚ್ಚುಕಟ್ಟಾದ ಪದವನ್ನು ನನ್ನ ಟಿಪ್ಪಣಿಗಳಲ್ಲಿ ಬಳಸಲು ಹೋಗಿ ಸೋತಿದ್ದೇನೆ. ಅದು ವಸ್ತುವಿಗೆ ಒಪ್ಪುತ್ತದೆ, ಸ್ಥಳಕ್ಕೆ ಒಪ್ಪುವುದಿಲ್ಲ, ‘ಬಿತ್ತು’ ಎಂಬುದರ ಜೊತೆ ಕೂರುವುದೇ ಇಲ್ಲ: ‘ಸಂಚಾರ ದೀಪ ಬಿತ್ತು’ ಎಂದರೆ ಕಂಬದಿಂದ ಕಳಚಿ ಬಿದ್ದ ಹಾಗೆ ಕೇಳಿಸುತ್ತದೆ.

ಬಿದ್ದ ಸಿಗ್ನಲ್ಲಿಗೆ ಎದುರು ಮಾತು ‘ಬಿಡು’. ‘ಸಿಗ್ನಲ್ ಬಿಟ್ಟರು’ ಎಂಬ ಬಹುವಚನದಲ್ಲಿ ಕಾಣದ ಕರ್ತೃವೊಬ್ಬನಿದ್ದಾನೆ. 1914ರ ಆಗಸ್ಟಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ವಿದ್ಯುತ್ ಸಿಗ್ನಲ್ ಬಂದಾಗ ರಸ್ತೆಬದಿಯ ಗೂಡಿನಲ್ಲಿ ಕುಳಿತ ಪೊಲೀಸಿನವನು ಸ್ವಿಚ್ ಒತ್ತಿ ಕೆಂಪು ಹಸಿರುಗಳನ್ನು ಬದಲಿಸುತ್ತಿದ್ದ. ಆ ಕಾಲಕ್ಕೆ ‘ಬಿಟ್ಟರು’ ಸಹಜವಾದ ಮಾತು. ಈಗ ಡಾಂಬರಿನ ಕೆಳಗೆ ಹುದುಗಿಸಿದ ತಂತಿಯ ಸುರುಳಿ ಮೇಲೆ ನಿಂತ ಗಾಡಿಯನ್ನು ಗುರುತಿಸಿ, ಯಂತ್ರವೇ ಸರದಿ ತೀರ್ಮಾನಿಸುವ ಕಡೆಗಳಲ್ಲಿಯೂ ನಾವು ‘ಬಿಟ್ಟರು’ ಎಂದೇ ಹೇಳುತ್ತೇವೆ. ನಿಲುಗಡೆ ಗೆರೆಯ ಬಳಿ ನಿಂತಾಗ ನೆಲ ನೋಡಿ: ರಸ್ತೆಯನ್ನು ಚೌಕವಾಗಿ ಕೊಯ್ದು ಕಪ್ಪು ಅಂಟು ತುಂಬಿದ ಗೆರೆಗಳು ಕಂಡರೆ, ಸಿಗ್ನಲ್ ‘ಬಿಡುವವರು’ ಅಲ್ಲಿ ಮಲಗಿದ್ದಾರೆ.

ಇನ್ನು ಎರಡು ಸಣ್ಣ ಸಂದೇಹಗಳು. ಹೆದ್ದಾರಿಯಲ್ಲಿ ಒಂದೇ ಕಂಬದಿಂದ ರಸ್ತೆಯ ಮೇಲಕ್ಕೆ ತೋಳು ಚಾಚಿ ಫಲಕ ಹೊತ್ತು ನಿಂತ ರಚನೆಗೆ ‘ಕೈಮರ’ ಅಥವಾ ‘ಕೈಕಂಬ’ ಎಂದು ಬರೆಯುತ್ತಿದ್ದೇನೆ. ದಾರಿ ತೋರುವ ಕಂಬಕ್ಕಿದ್ದ ಹಳೆಯ ಹೆಸರಿದು, ಊರ ಹೆಸರಾಗಿಯೂ ಉಳಿದಿದೆ, ಹೊಸ ವಸ್ತುವಿಗೆ ಹೇಳಿ ಮಾಡಿಸಿದಂತಿದೆ. ಎರಡು ಬದಿಯ ಕಂಬಗಳ ಮೇಲೆ ಅಡ್ಡತೊಲೆ ಹಾಯ್ದಿರುವ ಗ್ಯಾಂಟ್ರಿಗೆ ‘ಕಮಾನು’ ಎಂದರೆ ಬಾಗು ಇಲ್ಲದ್ದಕ್ಕೆ ಬಾಗು ಆರೋಪಿಸಿದಂತಾಗುತ್ತದೆ. ‘ಫಲಕತೋರಣ’ ಎಂದರೆ ಹೇಗೆ?

ಎರಡನೆಯದು ‘ಕೆಳಸೇತುವೆ’. ನಾನು ಸೇತುವೆಯ ಕೆಳಗಿನ ದಾರಿಯಲ್ಲಿ ಹೋಗಿರುತ್ತೇನೆ, ಸೇತುವೆ ನನ್ನ ತಲೆಯ ಮೇಲಿರುತ್ತದೆ, ಆದರೂ ಪುಸ್ತಕದಲ್ಲಿ ‘ಕೆಳಸೇತುವೆಯಲ್ಲಿ ಹೋದೆ’ ಎಂದು ಬರೆಯಬೇಕು. ಹಳಿಯ ಮೇಲೆ ನಿಂತವನಿಗೆ ಈ ಹೆಸರು ಸರಿ, ಅವನ ಕಾಲ ಕೆಳಗೇ ಸೇತುವೆಯಿದೆ. ‘ಅಂಡರ್‌ಬ್ರಿಡ್ಜ್’ ಎಂಬ ರೈಲ್ವೆಯ ಪದವನ್ನು ಹಾಗೆಯೇ ಇಳಿಸಿಕೊಂಡಾಗ ಅವನ ನಿಲುವೂ ಜೊತೆಗೇ ಬಂದಂತಿದೆ. ನಾನು ಸದ್ಯಕ್ಕೆ ‘ಕೆಳದಾರಿ’ ಎಂದು ಬರೆಯುತ್ತಿದ್ದೇನೆ. ಮಾವ ಇದನ್ನೂ ಒಪ್ಪಿಲ್ಲ.

ಬಲ್ಲವರಿಂದ ನಾನು ಮುಖ್ಯವಾಗಿ ತಿಳಿಯಬಯಸುವುದು ಇಷ್ಟು: ಬಣ್ಣ ಹೇಳದೆ ಬರಿದೇ ‘ಸಿಗ್ನಲ್ ಬಿತ್ತು’ ಎಂದಾಗ ತಮ್ಮ ಕಡೆ ಬ್ರೇಕ್ ಒತ್ತುತ್ತಾರೋ, ಗೇರ್ ಹಾಕುತ್ತಾರೋ? ಒಂದೇ ಮನೆಯಲ್ಲಿ ಎರಡು ಅರ್ಥಗಳಿದ್ದರೆ ಯಾರದು ಯಾವುದು, ಅವರ ವಯಸ್ಸೆಷ್ಟು, ರೈಲು ನಿಲ್ದಾಣದ ಒಡನಾಟ ಇತ್ತೇ ಎಂಬುದನ್ನೂ ದಯವಿಟ್ಟು ಬರೆಯಿರಿ. ಮುಂದಿನ ತಿಂಗಳು ಮಾವನೊಡನೆ ಮತ್ತೊಂದು ಹೆದ್ದಾರಿ ನೋಡಲು ಹೊರಡುವವನಿದ್ದೇನೆ. ಅಷ್ಟರೊಳಗೆ ಉತ್ತರ ಬಂದರೆ ಉಪಕಾರವಾದೀತು.