ರ‍್ಯಾಮ್ ಹೆಚ್ಚಿಗಿ ಹಾಕಿದ ಮ್ಯಾಲೆ ಪಿಸಿ ಕೈ ಕೊಡಾಕತ್ತೈತಿ: ರಿಪೇರಿ ಸರ್ ಕೂಡ ಪ್ರಶ್ನೋತ್ತರ

ಅಡ್ಮಿನ್: ಎಲ್ಲಾರಿಗೂ ನಮಸ್ಕಾರ. ಹೊಸಾ ರ‍್ಯಾಮ್ (ಪಿಸಿಯ ತಾತ್ಕಾಲಿಕ ಮೆಮರಿ) ಹಾಕಿಸಿದ ಮ್ಯಾಲೆ ಪಿಸಿ ಹ್ಯಾಂಗ್ ಆಗೂದು, ನೀಲಿ ಸ್ಕ್ರೀನ್ ಬರೂದು, ತಾನ ರೀಸ್ಟಾರ್ಟ್ ಆಗೂದು, ಈ ಬಗ್ಗೆ ಬಾಳ ಮಂದಿ ಕೇಳಾಕತ್ತಾರ. ಬೆಳಗಾವ್ಯಾಗ ಹಾರ್ಡ್‌ವೇರ್ ರಿಪೇರಿ ಮಾಡೋ ನಮ್ಮ ಸದಸ್ಯರು ಇವತ್ತ ಉತ್ತರ ಕೊಡ್ತಾರ. ಕೇಳೂಮುಂದ ಮದರ್‌ಬೋರ್ಡಿನ ಮಾಡೆಲ್, ಪ್ರೊಸೆಸರ್, ಹಳೇ ರ‍್ಯಾಮ್ ಎಷ್ಟು, ಹೊಸಾದು ಎಷ್ಟು, ಇಷ್ಟ ತಪ್ಪದ ಬರೀರಿ.

ವಿಜಯಪುರ ವಿದ್ಯಾರ್ಥಿ: ಸರ್, ಎಚ್61 ಬೋರ್ಡ್, 3ನೇ ಜನರೇಶನ್ ಐ3. 4 ಜಿಬಿ ಡಿಡಿಆರ್3 (ಹಳೇ ತಲೆಮಾರಿನ ರ‍್ಯಾಮ್) ಇತ್ತು. ಆನ್‌ಲೈನ್‌ದಾಗ ಅಗ್ಗಕ್ಕ ಸಿಕ್ತಂತ 8 ಜಿಬಿದು ತರಿಸೀನಿ. ಅದನ್ನ ಹಾಕಿದ್ರ ಫ್ಯಾನ್ ತಿರಗ್ತದ, ಡಿಸ್‌ಪ್ಲೇ ಬರವಲ್ದು. ತಗದ್ರ ಬರೋಬ್ಬರಿ ಚಾಲೂ ಆಗ್ತದ.

ರಿಪೇರಿ ಸರ್: ತಮ್ಮಾ, ಸ್ಟಿಕರ್ ಮ್ಯಾಲೆ ಇಲ್ಲಾ ಮಾರಿದವರ ಪುಟದಾಗ "ಎಎಂಡಿಗೆ ಮಾತ್ರ" (ಇಂಟೆಲ್ ಅಲ್ಲದ ಇನ್ನೊಂದು ಪ್ರೊಸೆಸರ್ ಕಂಪನಿ) ಅಂತ ಐತೇನು ನೋಡು. ಅಂಥಾ ಅಗ್ಗದ 8 ಜಿಬಿ ಡಿಡಿಆರ್3 ಸ್ಟಿಕ್ಕಿನ್ಯಾಗ 4 ಬಿಟ್ಟಿನ ಚಿಪ್ ಕುಂದ್ರಿಸಿರ್ತಾರ. ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರಿನ ಮೆಮರಿ ಕಂಟ್ರೋಲರ್ (ರ‍್ಯಾಮ್ ನಡಸೋ ಭಾಗ) ಅದನ್ನ ಓದೂದಿಲ್ಲ, 8 ಇಲ್ಲಾ 16 ಬಿಟ್ಟಿನ ಚಿಪ್ ಬೇಕು. ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ರೂ ಸರಿ ಆಗೂದಿಲ್ಲ, ವಾಪಸ್ ಕಳಸು. ಎರಡೂ ಸ್ಲಾಟ್ ಕೂಡಿ 16 ಜಿಬಿ ತನಕ ಆ ಬೋರ್ಡ್ ತಗೋತೈತಿ. 1600 ವೇಗದ ಸಾದಾ ಸ್ಟಿಕ್ ತಗೊಂಡ್ರ ಸಾಕು.

ಜಮಖಂಡಿ ಸದಸ್ಯ: ಸರ್, 8 ಜಿಬಿ ಹಾಕೀನಿ, 3.4 ಜಿಬಿ ಅಷ್ಟ ಯೂಸೇಬಲ್ ಅಂತ ತೋರಸ್ತೈತಿ.

ರಿಪೇರಿ ಸರ್: ನಿಮ್ಮ ವಿಂಡೋಸ್ 32 ಬಿಟ್ಟಿಂದು. 4 ಜಿಬಿ ದಾಟೂದಿಲ್ಲ. ಡೇಟಾ ಬ್ಯಾರೆ ಕಡೆ ತಗೊಂಡು 64 ಬಿಟ್ಟಿಂದು ಹೊಸದಾಗಿ ಹಾಕ್ರಿ. ಈಗಾಗಲೇ 64 ಬಿಟ್ ಇದ್ರ ಎಂಎಸ್‌ಕಾನ್ಫಿಗ್, ಬೂಟ್, ಅಡ್ವಾನ್ಸ್ಡ್ ಆಪ್ಶನ್ಸ್‌ಗೆ ಹೋಗಿ ಮ್ಯಾಕ್ಸಿಮಮ್ ಮೆಮರಿ ಮುಂದಿನ ಟಿಕ್ ತಗೀರಿ.

ಗೋಕಾಕ ಸ್ಟುಡಿಯೋ: ಸರ್, ನಮ್ಮದು ಫೋಟೋ ಸ್ಟುಡಿಯೋ. ಬಿ450 ಬೋರ್ಡ್, ರೈಜೆನ್ 5 3600. 8 ಜಿಬಿದು 2 ಇದ್ದವು, ವೇಗ 3200. ಅದ ಕಂಪನಿದು ಮತ್ತ 2 ಹಾಕ್ಸಿದಿವಿ, ಒಟ್ಟ 32. ಎಕ್ಸ್‌ಎಂಪಿ (ಪೆಟ್ಟಿಗಿ ಮ್ಯಾಲೆ ಬರದ ವೇಗಕ್ಕ ರ‍್ಯಾಮ್ ಓಡಸೋ ಬಯೋಸ್ ಸೆಟ್ಟಿಂಗ್) ಚಾಲೂ ಐತಿ. ಈಗ ನೀಲಿ ಸ್ಕ್ರೀನ್ ಬರಾಕತ್ತೈತಿ. ಅದರ ಕೋಡ್ ಒಮ್ಮೆ ಮೆಮರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್, ಮತ್ತೊಮ್ಮೆ ಐಆರ್‌ಕ್ಯೂಎಲ್. ಲಗ್ನದ ಫೋಟೋ ಕಾರ್ಡಿಂದ ಕಾಪಿ ಮಾಡಿದ್ರ 40ಕ್ಕ ಒಂದ್ರಾಗ ಅರ್ಧಕ್ಕಿಂತ ಕೆಳಗ ಬೂದಿ ಬಣ್ಣದ ಪಟ್ಟಿ ಬರ್ತೈತಿ. ಕಾರ್ಡ್ ಕೆಟ್ಟೈತೇನ್ರಿ? ವಿಂಡೋಸಿನ ಮೆಮರಿ ಟೆಸ್ಟ್ ಮಾಡಿದಿವಿ, ಏನೂ ಇಲ್ಲಂತ ಬಂತು.

ರಿಪೇರಿ ಸರ್: ಅಣ್ಣಾರ, ಉಳದದ್ದು ಆಮ್ಯಾಲೆ. ಮೊದಲ ಈ ಮೂರು ಮಾಡ್ರಿ. ಆ ಪಿಸಿ ಈಗ ಬಂದ್ ಮಾಡ್ರಿ. ಯಾವ ಕಾರ್ಡೂ ಫಾರ್ಮ್ಯಾಟ್ ಮಾಡಬ್ಯಾಡ್ರಿ. ಬ್ಯಾಕಪ್ ಹಾರ್ಡ್ ಡಿಸ್ಕ್ ಇದ್ರ ವೈರ್ ತಗದಿಡ್ರಿ.

ಯಾಕಂದ್ರ ನೀಲಿ ಸ್ಕ್ರೀನ್ ಬಂದ್ರ ಏನೋ ಕೆಟ್ಟೈತಿ ಅಂತ ಗೊತ್ತರ ಆಗ್ತೈತಿ. ಫೋಟೋದಾಗ ಬೂದಿ ಪಟ್ಟಿ ಬರೂದು ಅದಕ್ಕಿಂತ ಕೆಟ್ಟದ್ದು. ಕಾರ್ಡಿಂದ ಹಾರ್ಡ್ ಡಿಸ್ಕಿಗೆ ಹೋಗೋ ಪ್ರತಿ ಫೈಲೂ ರ‍್ಯಾಮಿನ ಮೂಲಕ ಹಾಯ್ದ ಹೋಗಬೇಕು. ಅಲ್ಲಿ ಒಂದ ಬಿಟ್ 0 ಇದ್ದದ್ದು 1 ಆದ್ರ ಡಿಸ್ಕಿಗೆ ಅದು ತಪ್ಪಂತ ಗೊತ್ತಾಗೂದಿಲ್ಲ, ಬಂದದ್ದನ್ನ ಹಂಗ ಬರಕೋತೈತಿ. ಜೆಪೆಗ್ ಹಿಂಡಿ ಇಟ್ಟ ಫೈಲ್. ನಡುವ ಒಂದ ಬಿಟ್ ತಪ್ಪಿದ್ರ ಅಲ್ಲಿಂದ ಕೆಳಗಿನ ಚಿತ್ರ ಪೂರಾ ಹಾಳಾಗಬಹುದು. ನೀವು ಇದ ಪಿಸಿಯಿಂದ ಬ್ಯಾಕಪ್ ತಗೊಂಡ್ರ ಹಾಳಾದ ಫೈಲ್ ಹೋಗಿ ಚಲೋ ಫೈಲಿನ ಮ್ಯಾಲೆ ಕುಂದರ್ತೈತಿ.

ಕೋಡ್ ಸಲಕೊಮ್ಮೆ ಬದಲಾಗೂದು ರ‍್ಯಾಮಿನ ಗುರ್ತು. ಡ್ರೈವರ್ ಕೆಟ್ಟಿದ್ರ ಬಹುತೇಕ ಅದ ಕೋಡ್, ಅದ ಫೈಲ್ ಹೆಸರ ಮತ್ತ ಮತ್ತ ಬರ್ತೈತಿ. ವಿಂಡೋಸಿನ ಟೆಸ್ಟ್ ಮ್ಯಾಲೆ ಭಾರ ಹಾಕಬ್ಯಾಡ್ರಿ. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಇಡದಿದ್ರ ಅದು ಮ್ಯಾಲಮ್ಯಾಲೆ ನೋಡಿ ಮುಗಸ್ತೈತಿ.

ಈಗ ಹಿಂಗ ಮಾಡ್ರಿ. ಮೆಮ್‌ಟೆಸ್ಟ್86+ (ರ‍್ಯಾಮ್ ಪರೀಕ್ಷಾ ಮಾಡೋ ಸಾಫ್ಟ್‌ವೇರ್) ಬ್ಯಾರೆ ಪಿಸಿಯಾಗ ಪೆನ್‌ಡ್ರೈವಿಗೆ ಹಾಕ್ರಿ. ಬೂಟ್ ಆಗದಿದ್ರ ಬಯೋಸಿನ್ಯಾಗ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ತಡಿಯೋ ಸೆಟ್ಟಿಂಗ್) ಬಂದ್ ಮಾಡಬೇಕು. ಬಿಟ್‌ಲಾಕರ್ (ಡಿಸ್ಕಿಗೆ ಲಾಕ್ ಹಾಕೋ ವಿಂಡೋಸ್ ಸೌಲಭ್ಯ) ಇದ್ರ ಮೊದಲ ರಿಕವರಿ ಕೀ ಬರದಿಟ್ಕೋರಿ, ಇಲ್ಲಂದ್ರ ವಿಂಡೋಸ್ ಒಳಗ ಬಿಡೂದಿಲ್ಲ. ಪಿಸಿ ಬಂದ್ ಮಾಡಿ, ವೈರ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡೀರಿ. ಹೊಸಾ ಎರಡೂ ತಗೀರಿ. ಹಳೇ ಎರಡು ಪ್ರೊಸೆಸರ್ ಕಡೆಯಿಂದ ಎಣಿಸಿದ್ರ 2ನೇ ಮತ್ತ 4ನೇ ಸ್ಲಾಟಿನ್ಯಾಗ ಇರಬೇಕು. ಎಕ್ಸ್‌ಎಂಪಿ ಬಂದ್ ಮಾಡಿ ರಾತ್ರಿ ಬಿಡ್ರಿ, ಕಡಿಮಿ ಅಂದ್ರ 4 ಪಾಸ್ (ಪರೀಕ್ಷಾದ ಪೂರಾ ಸುತ್ತು) ಆಗಬೇಕು. ಒಂದ ಒಂದು ಎರರ್ ಬಂದ್ರೂ ಅದು ಫೇಲ್. "ಸಣ್ಣ ಎರರ್" ಅನ್ನೂದ ಇಲ್ಲ.

ಅದು ಪಾಸ್ ಆದ್ರ ಹೊಸಾ ಎರಡನ್ನ ಅಷ್ಟ ಅದ ಸ್ಲಾಟಿಗೆ ಹಾಕಿ ನೋಡ್ರಿ. ಎರರ್ ಬಂದ್ರ ಒಂದೊಂದ ಸ್ಟಿಕ್ ಹಚ್ಚಿ, ಸ್ಲಾಟ್ ಬದಲಿಸಿ ನೋಡ್ರಿ. ಒಂದ ಸ್ಟಿಕ್ ಎಲ್ಲಿ ಹಾಕಿದ್ರೂ ಫೇಲ್ ಆದ್ರ ಸ್ಟಿಕ್ ಕೆಟ್ಟೈತಿ. ಯಾವ ಸ್ಟಿಕ್ ಹಾಕಿದ್ರೂ ಒಂದ ಸ್ಲಾಟಿನ್ಯಾಗ ಫೇಲ್ ಆದ್ರ ಸ್ಲಾಟು, ಇಲ್ಲಾ ಪ್ರೊಸೆಸರಿನ ಪಿನ್ನು. ಎರಡೆರಡ ಹಾಕಿದ್ರ ಪಾಸ್, ನಾಕೂ ಹಾಕಿದ್ರ ಫೇಲ್ ಆದ್ರ ಅದು ಕಂಟ್ರೋಲರ್ ಮ್ಯಾಲಿನ ಭಾರ. ರೈಜೆನ್ 3000ಕ್ಕ ಎಎಂಡಿ ಒಪ್ಪಿದ ವೇಗ 2 ಸ್ಟಿಕ್ಕಿಗೆ 3200, ಸಿಂಗಲ್ ರ‍್ಯಾಂಕಿನ (ಚಿಪ್ಪಿನ ಒಂದ ಗುಂಪು ಇದ್ದ) 4 ಸ್ಟಿಕ್ಕಿಗೆ 2933, ಡ್ಯುಯಲ್ ರ‍್ಯಾಂಕಿನ (ಎರಡು ಗುಂಪು ಇದ್ದ) 4ಕ್ಕ 2667. ನೀವು 4 ಹಾಕಿ ಎಕ್ಸ್‌ಎಂಪಿ 3200ಕ್ಕ ಇಟ್ಟೀರಿ. ಪೆಟ್ಟಿಗಿ ಮ್ಯಾಲೆ ಬರದ ವೇಗ ಆ ಪೆಟ್ಟಿಗ್ಯಾಗಿನ ಎರಡ ಸ್ಟಿಕ್ಕಿಗೆ ಅಷ್ಟ.

ಮತ್ತೊಂದು. ಕೂಲರ್ ಬಿಚ್ಚಬ್ಯಾಡ್ರಿ. ಆ ಪ್ರೊಸೆಸರಿಗೆ ಪಿನ್ ಕೆಳಗ ಇರ್ತಾವ. ಒಣಗಿದ ಪೇಸ್ಟಿಗೆ ಅಂಟಿ ಕೂಲರ್ ಜೋಡಿ ಪ್ರೊಸೆಸರೂ ಕಿತ್ತ ಬಂದ್ರ ಪಿನ್ ಬಾಗ್ತಾವ.

ತಾಳಿಕೋಟಿ ಸದಸ್ಯ: ಹೊಸಾ ಡಿಡಿಆರ್5 ಪಿಸಿ, ರೈಜೆನ್ 7000. ರ‍್ಯಾಮ್ ಹಾಕಿದ ಮ್ಯಾಲೆ ಸ್ಕ್ರೀನ್ ಕರ್ರಗ ಅದ.

ರಿಪೇರಿ ಸರ್: ಮೊದಲ ಸಲ ಮೆಮರಿ ಟ್ರೇನಿಂಗ್ (ಬೋರ್ಡ್ ಹೊಸಾ ರ‍್ಯಾಮಿಗೆ ಹೊಂದಿಕೊಳ್ಳೂದು) ನಡೀತೈತಿ. 10-15 ನಿಮಿಷ ಕೈ ಹಚ್ಚದ ಬಿಡ್ರಿ, ನಡುವ ಬಂದ್ ಮಾಡಬ್ಯಾಡ್ರಿ.

ಇಳಕಲ್ ಸದಸ್ಯ: ಒಂದು ಫಾರ್ವರ್ಡ್ ಬಂದೈತಿ, ಎಲ್ಲಾರಿಗೂ ಉಪಯೋಗ ಆಗ್ಲಿ. ನೋಟ್‌ಪ್ಯಾಡಿನ್ಯಾಗ ಫ್ರೀಮೆಮ್ ಈಕ್ವಲ್ಸ್ ಸ್ಪೇಸ್ 64000000 ಅಂತ ಬರದು, ವಿಬಿಎಸ್ (ವಿಂಡೋಸ್ ಸ್ಕ್ರಿಪ್ಟ್) ಫೈಲ್ ಮಾಡಿ ಓಡಿಸಿದ್ರ ರ‍್ಯಾಮ್ ಸ್ವಚ್ಛ ಆಗ್ತೈತಿ. ಪೇಜ್ ಫೈಲ್ (ರ‍್ಯಾಮ್ ಸಾಲದಾಗ ಡಿಸ್ಕಿನ್ಯಾಗ ಬಳಸೋ ಜಾಗ) ಸೊನ್ನಿ ಮಾಡ್ರಿ, ಕ್ರ್ಯಾಶ್ ನಿಲ್ತಾವ. ರ‍್ಯಾಮಿನ ಚಿನ್ನದ ಪಟ್ಟಿ ಪೆಟ್ರೋಲಿನ್ಯಾಗ ತೊಳದು ರಬ್ಬರ್‌ಲೆ ಗಸಗಸ ತಿಕ್ರಿ.

ರಿಪೇರಿ ಸರ್: ಮೂರೂ ತಪ್ಪು. ಆ ವಿಬಿಎಸ್ ಫೈಲ್ ಸ್ಪೇಸ್ ಅಕ್ಷರಗಳ ಒಂದು ಉದ್ದನ ಸಾಲ ಮಾಡಿ ರ‍್ಯಾಮಿನ್ಯಾಗ ತುಂಬಿ ಬಿಡ್ತೈತಿ. ಅದರಿಂದ ಏನೂ ಸ್ವಚ್ಛ ಆಗೂದಿಲ್ಲ. ಪೇಜ್ ಫೈಲ್ ತಗದ್ರ ದೊಡ್ಡ ಸಾಫ್ಟ್‌ವೇರ್ ಮೆಮರಿ ಸಾಲದ ನಡುವ ಬಂದ್ ಬೀಳ್ತಾವ. ನೀಲಿ ಸ್ಕ್ರೀನ್ ಬಂದಾಗ ಬರಕೋಬೇಕಾದ ಡಂಪ್ ಫೈಲೂ ತಯಾರ ಆಗೂದಿಲ್ಲ, ಆಮ್ಯಾಲೆ ಕಾರಣ ಹುಡುಕಾಕ ನಮ್ಮ ಕೈಯಾಗ ಏನೂ ಉಳಿಯೂದಿಲ್ಲ. ಪೆಟ್ರೋಲ್ ಬೆಂಕಿ ಹತ್ತೋ ಸಾಮಾನು, ಅದನ್ನ ಕರೆಂಟಿನ ಸಾಮಾನಿಗೆ ಹಚ್ಚಬ್ಯಾಡ್ರಿ. ದಯಮಾಡಿ ಇದನ್ನ ಅಳಿಸ್ರಿ.

ಅಥಣಿ ಸದಸ್ಯ: ಪೆಟ್ರೋಲ್ ಬ್ಯಾಡ ಖರೆ, ರಬ್ಬರ್ ನಡೀತೈತಲ್ರಿ. ಎಲ್ಲಾ ಅಂಗಡಿಯಾಗೂ ರಬ್ಬರ್‌ಲೇ ತಿಕ್ತಾರ.

ಬಾಗಲಕೋಟಿ ಸದಸ್ಯ: ತಿಕ್ತಾರಂತ ಅದು ಸರಿ ಆತೇನ್ರಿ? ಚಿನ್ನದ ಲೇಪ ಬಾಳ ತೆಳು ಇರ್ತೈತಿ, ತಿಕ್ಕಿದಷ್ಟೂ ಹೋಗ್ತೈತಿ. ರಬ್ಬರಿನ ಪುಡಿ ಸ್ಲಾಟಿನ್ಯಾಗ ಬಿದ್ರ ಅದು ಬ್ಯಾರೆ ತ್ರಾಸ.

ಅಥಣಿ ಸದಸ್ಯ: ನೂರು ಪಿಸಿ ರಬ್ಬರ್‌ಲೇ ಚಾಲೂ ಆಗ್ಯಾವ. ಪುಸ್ತಕ ಓದಿ ಹೇಳಬ್ಯಾಡ್ರಿ.

ಬಾಗಲಕೋಟಿ ಸದಸ್ಯ: ಅವು ರಬ್ಬರ್‌ಲೆ ಚಾಲೂ ಆಗಿಲ್ಲ, ತಗದು ಮತ್ತ ಬರೋಬ್ಬರಿ ಕುಂದ್ರಿಸಿದ್ದಕ್ಕ ಚಾಲೂ ಆಗ್ಯಾವ. ಒಮ್ಮೆ ತಿಕ್ಕದ ಹಾಕಿ ನೋಡ್ರಿ.

ಇಳಕಲ್ ಸದಸ್ಯ: ಒಳ್ಳೇದಕ್ಕ ಕಳಿಸಿದ್ರ ಹಿಂಗ ಎಲ್ಲಾರೂ ಮೈಮ್ಯಾಲೆ ಬಂದ್ರ ಹೆಂಗ್ರಿ?

ರಿಪೇರಿ ಸರ್: ಬಾಗಲಕೋಟಿಯವರು ಹೇಳಿದ್ದು ಸರಿ. ಕೊಳಿ ಕಂಡ್ರ ಅಷ್ಟ 99 ಪರ್ಸೆಂಟ್ ಐಸೋಪ್ರೊಪೈಲ್ ಆಲ್ಕೋಹಾಲ್ ಮೆತ್ತನ ಬಟ್ಟಿಗೆ ಹಚ್ಚಿ ಒಂದ ದಿಕ್ಕಿಗೆ ಒರಸ್ರಿ, ಪೂರಾ ಆರಿದ ಮ್ಯಾಲೆ ಹಾಕ್ರಿ. ಸ್ಲಾಟಿನ ಧೂಳ ಮೆತ್ತನ ಬ್ರಶ್‌ಲೆ ತಗೀರಿ, ಬಾಯಿಲೆ ಊದಬ್ಯಾಡ್ರಿ, ಉಗುಳಿನ ಹಸಿ ಬೀಳ್ತೈತಿ. ಸ್ಟಿಕ್ ಕುಂದ್ರಿಸುವಾಗ ಎರಡೂ ತುದಿ ಒತ್ತಬೇಕು, ಕ್ಲಿಪ್ ಟಕ್ ಅನ್ನಬೇಕು. ಬಾಳ ಬೋರ್ಡಿಗೆ ಒಂದ ಕಡೆ ಅಷ್ಟ ಕ್ಲಿಪ್ ಇರ್ತೈತಿ. ಕ್ಲಿಪ್ ಇಲ್ಲದ ತುದಿ ಅರ್ಧ ಎದ್ದ ನಿಂತದ್ದು ಕಣ್ಣಿಗೆ ಬೀಳೂದಿಲ್ಲ.

ಮುಧೋಳ ಸದಸ್ಯ: ಸರ್, 8 ಜಿಬಿ ಹಾಕಿದ್ರ 3.2 ತೋರಸ್ತೈತಿ.

ರಿಪೇರಿ ಸರ್: ಮ್ಯಾಲೆ ಜಮಖಂಡಿಯವರಿಗೆ ಹೇಳೀನಿ, ಓದ್ರಿ.

ಬಾಗಲಕೋಟಿ ಕಿರಾಣಿ: ನಮ್ಮ ಬಿಲ್ಲಿಂಗ್ ಪಿಸಿಗೆ 4 ಇದ್ದದ್ದು 8 ಜಿಬಿ ಮಾಡಿಸಿದಿವಿ. ನೀಲಿ ಸ್ಕ್ರೀನ್ ಬರೂದಿಲ್ಲ, ಟಪ್ ಅಂತ ರೀಸ್ಟಾರ್ಟ್ ಆಗ್ತೈತಿ. ಫ್ರಿಜ್ ಚಾಲೂ ಆಗೂ ಹೊತ್ತಿಗೇ ಹೆಚ್ಚ. ವಿಂಡೋಸಿನ ಈವೆಂಟ್ ಲಾಗಿನ್ಯಾಗ ಕರ್ನಲ್ ಪವರ್ 41 ಅಂತ ತೋರಸ್ತೈತಿ. ಕ್ಯಾಬಿನೆಟ್ ಮುಟ್ಟಿದ್ರ ಜುಮ್ ಅಂತೈತಿ.

ರಿಪೇರಿ ಸರ್: 41 ಅಂದ್ರ ವಿಂಡೋಸ್ ಸರಿಯಾಗಿ ಬಂದ್ ಆಗದ ಪಿಸಿ ರೀಸ್ಟಾರ್ಟ್ ಆಗೈತಿ ಅಂತ ಅಷ್ಟ. ಅದರಾಗ ಕಾರಣ ಬರದಿರೂದಿಲ್ಲ. ನೀಲಿ ಸ್ಕ್ರೀನ್ ಇಲ್ಲದ ಟಪ್ ಅಂದ್ರ ಮೊದಲ ಪವರ್ ಸಪ್ಲೈ, ಯುಪಿಎಸ್ ನೋಡಬೇಕು. ರ‍್ಯಾಮ್ ಹಾಕೂಮುಂದ ಕೈ ತಾಗಿ 24 ಪಿನ್ನಿಂದು, ಪ್ರೊಸೆಸರ್ ಹತ್ರದ 4 ಪಿನ್ನಿಂದು ಸಡಲ ಆಗ್ಯಾವೇನು ನೋಡಿಸ್ರಿ. ಜುಮ್ ಅನ್ನೂದು ಅರ್ಥಿಂಗ್ ಇಲ್ಲದ್ದಕ್ಕ. ಇಲೆಕ್ಟ್ರಿಶಿಯನ್‌ನ ಕರಸಿ 3 ಪಿನ್ ಸಾಕೆಟ್ಟಿನ ಅರ್ಥ್ ನೋಡಿಸೋ ತನಕ ಆ ಪಿಸಿ ಒಳಗ ಯಾರೂ ಕೈ ಹಾಕಬಾರದು. ಸಣ್ಣ ಹುಡುಗರನ್ನ ಹತ್ರ ಬಿಡಬ್ಯಾಡ್ರಿ.

ಚಿಕ್ಕೋಡಿ ಸದಸ್ಯೆ: ಸರ್, ಲ್ಯಾಪ್‌ಟಾಪಿಗೆ 8 ಜಿಬಿ ಹೆಚ್ಚಿಗಿ ಹಾಕಿಸೀನಿ. ಬಂದ್ ಮಾಡಿ ಮರುದಿನ ಚಾಲೂ ಮಾಡಿದ್ರ ಕಪ್ಪ ಸ್ಕ್ರೀನ್. ರೀಸ್ಟಾರ್ಟ್ ಮಾಡಿದ್ರ ಮಾತ್ರ ಸರಿ ಇರ್ತೈತಿ.

ರಿಪೇರಿ ಸರ್: ಅಕ್ಕಾರ, ಅದು ಫಾಸ್ಟ್ ಸ್ಟಾರ್ಟಪ್. ಬಂದ್ ಮಾಡಿದಾಗ ವಿಂಡೋಸ್ ಅರ್ಧ ಮಲಗಿರ್ತೈತಿ, ಎದ್ದಾಗ ಹಳೇ ಫೈಲಿಂದ ಚಾಲೂ ಆಗ್ತೈತಿ. ರೀಸ್ಟಾರ್ಟ್ ಮಾಡಿದಾಗ ಅದನ್ನ ಬಳಸೂದಿಲ್ಲ, ಅದಕ್ಕ ಸರಿ ಇರ್ತೈತಿ. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತಗದು ಪವರ್‌ಸಿಎಫ್‌ಜಿ, ಸ್ಪೇಸ್, ಓರೆ ಗೆರೆ ಎಚ್, ಸ್ಪೇಸ್, ಆಫ್ ಅಂತ ಹೊಡೀರಿ. ಆಮ್ಯಾಲೂ ಬಂದ್ರ ಬಯೋಸ್ ಅಪ್‌ಡೇಟ್ ಮಾಡಿಸ್ರಿ.

ಸಿಂದಗಿ ಸದಸ್ಯ: ಯಾವ ಕಂಪನಿ ರ‍್ಯಾಮ್ ಚಲೋ ಸರ್?

ಇಂಡಿ ಸದಸ್ಯ: ಹಳೇ 4 ಜಿಬಿ ಡಿಡಿಆರ್4ಕ್ಕ ಎಷ್ಟ ಬರ್ತದ?

ತಾಳಿಕೋಟಿ ಸದಸ್ಯ: ಸರ್, 4 ನಿಮಿಷ ಆತು. ಸ್ಕ್ರೀನ್ ಇನ್ನೂ ಕರ್ರಗ ಅದ. ಬಂದ್ ಮಾಡ್ಲಾ?

ರಿಪೇರಿ ಸರ್: 15 ಅಂತ ಬರದೀನಿ.

ಗೋಕಾಕ ಸ್ಟುಡಿಯೋ: ಸರ್, ಎರಡ ರಾತ್ರಿ ಟೆಸ್ಟ್ ಮಾಡಿದಿವಿ. ಹಳೇ ಎರಡೂ 4 ಪಾಸ್, ಎರರ್ ಇಲ್ಲ. ಹೊಸಾದ್ರಾಗ ಒಂದು ಸ್ವಚ್ಛ. ಇನ್ನೊಂದಕ್ಕ 2ನೇ ಸ್ಲಾಟಿನ್ಯಾಗ 3 ಎರರ್, 4ನೇದ್ರಾಗ 5. ಎಕ್ಸ್‌ಎಂಪಿ ಬಂದ್ ಇತ್ತು.

ರಿಪೇರಿ ಸರ್: ಹಂಗಾರ ಆ ಸ್ಟಿಕ್ಕ ಕೆಟ್ಟೈತಿ, ಬೋರ್ಡಿನ ತಪ್ಪಲ್ಲ. ಬಿಲ್ ತಗೊಂಡು ಹೊಸಾ ಎರಡೂ ಸ್ಟಿಕ್ ವಾರಂಟಿಗೆ ಕೊಡ್ರಿ, ಒಂದ ಕೊಟ್ಟು ಒಂದ ಇಟ್ಕೋಬ್ಯಾಡ್ರಿ. ಹಳೇ ಎರಡ ಹಾಕಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ (ಕೆಟ್ಟ ವಿಂಡೋಸ್ ಫೈಲ್ ಸರಿ ಮಾಡೋ ಕಮಾಂಡ್) ಓಡಿಸ್ರಿ. ಕೆಟ್ಟ ರ‍್ಯಾಮ್ ಇದ್ದಾಗ ಓಡಿಸಿದ್ರ ಚಲೋ ಫೈಲೂ ಕೆಡಬಹುದು, ಅದಕ್ಕ ಮೊದಲ ಹೇಳಲಿಲ್ಲ. ಕಾರ್ಡ್ ಎಷ್ಟ ಉಳದಾವ?

ಗೋಕಾಕ ಸ್ಟುಡಿಯೋ: ಒಂದು ಇದ್ದಂಗ ಐತಿ. ಇನ್ನೊಂದು ನಮ್ಮ ಹುಡುಗ ಮೊದಲ ಫಾರ್ಮ್ಯಾಟ್ ಮಾಡ್ಯಾನ್ರಿ.

ರಿಪೇರಿ ಸರ್: ಫಾರ್ಮ್ಯಾಟ್ ಆದ ಕಾರ್ಡಿನ್ಯಾಗ ಒಂದ ಫೋಟೋನೂ ಹೊಸಾದು ತಗೀಬ್ಯಾಡ್ರಿ. ಕ್ಯಾಮೆರಾದ ಸಾದಾ ಫಾರ್ಮ್ಯಾಟ್ ಬಹುತೇಕ ಫೈಲ್ ಹೆಸರಿನ ಪಟ್ಟಿ ಅಷ್ಟ ಅಳಸ್ತೈತಿ, ಫೋಟೋ ಒಳಗ ಇರ್ತಾವ. ಬ್ಯಾರೆ ಪಿಸಿಯಾಗ ರಿಕವರಿ ಮಾಡಿಸ್ರಿ. ಡಿಸ್ಕಿನ್ಯಾಗಿನ ರಾ (ಕ್ಯಾಮೆರಾದ ಮೂಲ) ಫೈಲ್ ಪ್ರಿವ್ಯೂ ನೋಡಿ ಸರಿ ಐತಿ ಅನ್ನಬ್ಯಾಡ್ರಿ. ಪ್ರಿವ್ಯೂ ಅನ್ನೂದು ಫೈಲಿನೊಳಗ ಬ್ಯಾರೆ ಇಟ್ಟ ಸಣ್ಣ ಜೆಪೆಗ್, ಅದು ಚಲೋ ಇದ್ದು ಒಳಗಿನ ರಾ ಕೆಟ್ಟಿರಬಹುದು. ಪೂರಾ ತಗದು 100 ಪರ್ಸೆಂಟಿಗೆ ಇಟ್ಟ ನೋಡ್ರಿ.

ಉಳದ ಕಾರ್ಡ್ ಕಾಪಿ ಮಾಡೂಕಿಂತ ಮೊದಲ ಪಿಸಿ ಪರೀಕ್ಷಾ ಮಾಡ್ರಿ. 5-6 ಜಿಬಿ ವಿಡಿಯೋ ಒಂದು ತಗೊಂಡು ಸರ್ಟ್‌ಯುಟಿಲ್ ಹ್ಯಾಶ್‌ಫೈಲ್ ಕಮಾಂಡ್‌ಲೆ ಎಸ್‌ಎಚ್‌ಎ256 ಹ್ಯಾಶ್ (ಫೈಲಿನ ಬೆರಳಗುರ್ತಿನಂಥಾ ಕೋಡ್) ತಗೀರಿ, ರೀಸ್ಟಾರ್ಟ್ ಮಾಡಿ ಮತ್ತ ತಗೀರಿ. ರೀಸ್ಟಾರ್ಟ್ ಮಾಡದಿದ್ರ ರ‍್ಯಾಮಿನ್ಯಾಗ ಉಳದ ಕಾಪಿನ ಮತ್ತ ಓದ್ತೈತಿ. 4 ಸಲ ಅದ 64 ಅಕ್ಷರ ಬರಬೇಕು.

ಅಥಣಿ ಸದಸ್ಯ: ಆನ್‌ಲೈನ್ ತಗೊಂಡ್ರ ಹಿಂಗ ಆಗೂದು. ಅಂಗಡಿಯವರ ಕಡೆ ತಗೋಬೇಕು.

ಬಾಗಲಕೋಟಿ ಸದಸ್ಯ: ಅವರು ಎಲ್ಲಿ ತಗೊಂಡಾರಂತ ಬರದೇ ಇಲ್ಲ. ಓದದ ಯಾಕ ಮಾತಾಡ್ತೀರಿ?

ಅಥಣಿ ಸದಸ್ಯ: ನಿಮ್ಮನ್ನ ಕೇಳಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಸ್ರಿ. ಮುಂದ ಬಂದ್ರ ಅಳಸ್ತೀನಿ.

ರಾಯಬಾಗ ಸದಸ್ಯ: 8 ಜಿಬಿ ಹಾಕಿದ್ರ 3.4 ತೋರಸ್ತೈತಿ ಸರ್, ಯಾಕ?

ಜಮಖಂಡಿ ಸದಸ್ಯ: ಮ್ಯಾಲೆ ನೋಡ್ರಿ, ಎರಡ ಸಲ ಐತಿ.

ಸಿಂದಗಿ ಸದಸ್ಯ: ಕಂಪನಿ ಕೇಳಿದ್ದೆ ಸರ್, ಉತ್ತರ ಬರಲಿಲ್ಲ.

ತಾಳಿಕೋಟಿ ಸದಸ್ಯ: 9 ನಿಮಿಷಕ್ಕ ಬಂತು ಸರ್. 32 ಜಿಬಿ ಪೂರಾ ತೋರಸ್ತದ.

ಗೋಕಾಕ ಸ್ಟುಡಿಯೋ: ನಾಕೂ ಸಲ ಅದ ಹ್ಯಾಶ್ ಬಂತ್ರಿ, ಅಕ್ಷರ ಅಕ್ಷರ ಕೂಡಸಿ ನೋಡಿದಿವಿ. ಕಾರ್ಡ್ ಹಾಕ್ಲಿ?

ರಿಪೇರಿ ಸರ್: ಹಾಕ್ರಿ. ಹೊಸಾ ಫೋಲ್ಡರಿಗೆ ಕಾಪಿ ಮಾಡ್ರಿ, ಹಳೇದ್ರ ಮ್ಯಾಲೆ ಬ್ಯಾಡ. ಬೂದಿ ಪಟ್ಟಿ ಬಂದ ಫೋಟೋಗಳ ನಂಬರ್ ಹಿಡಕೊಂಡು ಮೊದಲ ಅವನ್ನ ತಗದ ನೋಡ್ರಿ.

ಗೋಕಾಕ ಸ್ಟುಡಿಯೋ: 11 ತಗದ ನೋಡಿದಿವಿ. ಎಲ್ಲಾ ಪೂರಾ ಅದಾವ್ರಿ.

ರಿಪೇರಿ ಸರ್: ಇನ್ನೊಂದು ಕಾರ್ಡಿನ ರಿಕವರಿ ಮುಗಿಯೂ ತನಕ ಈ ಕಾರ್ಡೂ ಫಾರ್ಮ್ಯಾಟ್ ಬ್ಯಾಡ್ರಿ.