ಪದಚರ್ಚೆ: ಕೇಕಿನ ಡಬ್ಬಿ ಮೇಲೆ ‘ಮರ್ಯಾದಿತ ಆವೃತ್ತಿ’? ಗುರುವಾರದೊಳಗೆ ಬೇಕು

ಬೆಳಗಾವಿ ಪ್ರೆಸ್‌ನವರು:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಮಿಠಾಯಿ ಡಬ್ಬಿ, ಲಗ್ನಪತ್ರಿಕೆ, ಪಾವತಿ ಪುಸ್ತಕ, ಇಂಥವು ನಮ್ಮ ಕೆಲಸ. ಈಗ ಕ್ಯಾಂಪ್ ಕಡೆಯ ಒಂದು ಬೇಕರಿಯವರು ಡಿಸೆಂಬರಿಗೆ ಪ್ಲಮ್ ಕೇಕಿನ ಡಬ್ಬಿ ಮಾಡಿಸುತ್ತಿದ್ದಾರೆ. ಅರ್ಧ ಕಿಲೋ ಕೇಕು. ರಟ್ಟಿನ ಡಬ್ಬಿ ಹಳೆಯದೇ, ಬಿಳಿ. ಅದರ ಮೇಲೆ ಕೆಂಪು ಸ್ಲೀವ್ ಒಂದು ಏರುತ್ತೆ, ಅಂದರೆ ಡಬ್ಬಿಯನ್ನು ಸುತ್ತುವ ಹೊರಕವಚ, ಬಂಗಾರದ ಬೇಗಡೆ ಒತ್ತಿದ ನಕ್ಷತ್ರ ಬರುತ್ತೆ. ಹಬ್ಬ ಮುಗಿದ ಮೇಲೆ ಸ್ಲೀವ್ ಬಂದ್.

ಡಿಸೈನು ಇಂಗ್ಲಿಷಿನಲ್ಲಿ ಬಂತು: ‘ಕ್ರಿಸ್‌ಮಸ್ ಲಿಮಿಟೆಡ್ ಎಡಿಷನ್’. ಒಂದು ಮಗ್ಗುಲಿಗೆ ಮರಾಠಿ, ಇನ್ನೊಂದಕ್ಕೆ ಕನ್ನಡ ಬೇಕು ಅಂದರು. ಕನ್ನಡ ಹೇಗೂ ಹಾಕಲೇಬೇಕು. ರಾಜ್ಯದಲ್ಲಿ ತಯಾರಾದ ಸಾಮಾನಿನ ಮೇಲೆ ಹೆಸರು, ಬಳಸುವ ರೀತಿ ಕನ್ನಡದಲ್ಲೂ ಇರಬೇಕು ಅಂತ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಲ್ಲೇ ಇದೆ. ಮರಾಠಿ ಸಾಲು ಅವರೇ ಕೊಟ್ಟರು, ‘ಮರ್ಯಾದಿತ ಆವೃತ್ತಿ’. ನಮ್ಮ ಕಂಪ್ಯೂಟರ್ ಹುಡುಗ ಅದನ್ನೇ ಕನ್ನಡ ಅಕ್ಷರಕ್ಕೆ ತಿರುವಿ ಇಟ್ಟುಬಿಟ್ಟ! ಮರಾಠಿಯಲ್ಲಿ ಮರ್ಯಾದಾ ಅಂದರೆ ಮಿತಿ, ಸರಿ. ಕನ್ನಡದಲ್ಲಿ ಓದಿದರೆ ಮರ್ಯಾದಸ್ತರು ಮಾತ್ರ ತಿನ್ನಬೇಕಾದ ಕೇಕು ಅನ್ನಿಸುತ್ತೆ. ಪ್ರೂಫ್ ನೋಡಿದ ನಮ್ಮ ಮನೆಯವರು ‘ಉಳಿದವರಿಗೆ ಬನ್ ಕೊಡ್ತಾರೇನ್ರಿ?’ ಅಂತ ಕೇಳಿದರು.

ನನಗೆ ಹೊಳೆದವು ಇವು: ಸೀಮಿತ ಆವೃತ್ತಿ, ನಿಯಮಿತ ಆವೃತ್ತಿ, ವಿಶೇಷ ಸಂಚಿಕೆ. ಕೊನೆಯದು ದೀಪಾವಳಿ ಪತ್ರಿಕೆಗೆ ಸರಿ, ಕೇಕಿಗಲ್ಲ. ಜಾಗ ಬೆರಳುದ್ದ. ಎರಡು ಪದ, ಜಾಸ್ತಿ ಅಂದರೆ ಮೂರು. ಗುರುವಾರ ಅಚ್ಚಿನ ಪ್ಲೇಟಿಗೆ ಹೋಗುತ್ತೆ.

ಧಾರವಾಡದಿಂದ:

ಸೀಮಿತ ಆವೃತ್ತಿ. ಕಾರಿಗೆ, ಮೊಬೈಲಿಗೆ ಪತ್ರಿಕೆಯವರು ಹೀಗೇ ಬರೆಯುತ್ತಾರೆ. ಇದರಲ್ಲಿ ಚರ್ಚೆಗೆ ಏನಿದೆ?

ಗೋಕಾಕದ ಮಾಸ್ತರರು:

ಪತ್ರಿಕೆಯವರು ಬರೆದರೆ ಆಯ್ತೇನ್ರಿ? ಆವೃತ್ತಿ ಅಂದರೆ ತಿರುಗಿ ಬರುವುದು. ರುದ್ರವನ್ನು ಹನ್ನೊಂದು ಆವೃತ್ತಿ ಹೇಳಿದರು ಅಂದರೆ ಹನ್ನೊಂದು ಸಲ ಹೇಳಿದರು ಅಂತ. ಪುಸ್ತಕ ಮತ್ತೆ ಅಚ್ಚಾದರೆ ಎರಡನೆಯ ಆವೃತ್ತಿ. ಅಲ್ಲಿಗೆ ಅರ್ಥ ಕೂಡುತ್ತದೆ. ಈ ಸ್ಲೀವ್ ತಿರುಗಿ ಬರುವುದೇ ಇಲ್ಲ ಅಂತ ಪ್ರೆಸ್‌ನವರೇ ಹೇಳುತ್ತಿದ್ದಾರೆ. ತಿರುಗಿ ಬಾರದ್ದಕ್ಕೆ ಆವೃತ್ತಿ ಅನ್ನುವುದು ಯಾವ ನ್ಯಾಯ?

‘ನಿಯಮಿತ’ ಅಂತೂ ಪೂರ್ತಿ ಅಡ್ಡದಾರಿ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಪತ್ತಿನ ಸಹಕಾರಿ ಸಂಘಗಳು, ಎಲ್ಲದರ ಬಾಲಕ್ಕೂ ‘ನಿಯಮಿತ’. ಕೇಕು ತಗೊಂಡವರು ಷೇರು ಯಾವಾಗ ಕೊಡ್ತೀರಿ ಅಂತ ಕೇಳಬಹುದು. ಮೇಲಾಗಿ ‘ನಿಯಮಿತವಾಗಿ ಬನ್ನಿ’ ಅಂದರೆ ತಪ್ಪದೆ ಬನ್ನಿ ಅಂತ. ನೀವು ಹೇಳಬೇಕಾದದ್ದಕ್ಕೆ ಉಲ್ಟಾ.

ಇನ್ನು ನೀವು ಕೇಳದ ಮಾತು. ಆ ಸ್ಲೀವ್‌ಗೆ ನಮ್ಮಲ್ಲಿ ಒಳ್ಳೆಯ ಪದ ಇದೆ: ಗವಸಣಿಗೆ. ದಿಂಬಿಗೆ, ತಂಬೂರಿಗೆ ಹೊಲಿಸಿ ಹಾಕುವ ಹೊರಚೀಲ. ನಮ್ಮ ಅವ್ವ ಹಾರ್ಮೋನಿಯಂಗೆ ಹಳೆಯ ಸೀರೆಯ ಗವಸಣಿಗೆ ಹೊಲಿದಿದ್ದಳು. ಅದನ್ನೇ ಗವಸು ಅಂದರೂ ನಡೆಯುತ್ತದೆ. ಇಷ್ಟು ಚೆಂದದ ಪದವನ್ನು ಬಿಟ್ಟು ಸ್ಲೀವ್, ಕವರ್ ಅಂತ ಯಾಕೆ ಒದ್ದಾಡಬೇಕು? ಕ್ರಿಸ್‌ಮಸ್‌ಗೆ ‘ನಾತಾಳ ಗವಸು’ ಅಂತ ಬರೆಯಿರಿ, ಎರಡೇ ಪದ.

ಧಾರವಾಡದಿಂದ:

ಗಿರಾಕಿ ಕೈಗವಸು ಅಂದುಕೊಳ್ಳುತ್ತಾನೆ. ಕೇಳಿದ್ದು ಸ್ಲೀವ್ ಬಗ್ಗೆ ಅಲ್ಲ, ಮಾಸ್ತರರೆ.

ಬೆಂಗಳೂರಿನಿಂದ:

ಸಂಸ್ಕ್ರುತದ ಸೀಮಿತವೂ ಬೇಡ, ಮರಾಟಿಯ ಮರ‍್ಯಾದಿತವೂ ಬೇಡ. ಎಣಿಕೆ ನಮ್ಮ ಪದ, ಕಟ್ಟು ನಮ್ಮ ಪದ. ‘ಎಣಿಕೆಗಟ್ಟು’ ಅನ್ನಿ. ಮೊದಲು ಕಿವಿಗೆ ಹೊಸದು ಅನ್ನಿಸುತ್ತೆ. ಹತ್ತು ಸಲ ಬಳಸಿದರೆ ಅದೇ ಬಾಶೆಯ ಪದ ಆಗುತ್ತೆ.

ಬೆಳಗಾವಿ ಪ್ರೆಸ್‌ನವರು:

ಅಣ್ಣಾರೆ, ಹತ್ತು ಸಲ ಅಚ್ಚು ಹಾಕಿಸುವ ಗಿರಾಕಿ ಸಿಕ್ಕರೆ ನನಗೂ ಒಳ್ಳೆಯದೇ. ಇವರದು ಎರಡು ಸಾವಿರ ಸ್ಲೀವ್, ಒಂದೇ ಸಲ. ಎಣಿಕೆಗಟ್ಟು ಅಂದರೆ ಬ್ಯಾಂಕಿನಲ್ಲಿ ಎಣಿಸಿ ಕಟ್ಟಿದ ನೋಟಿನ ಕಂತೆ ಕಣ್ಣಮುಂದೆ ಬರುತ್ತೆ. ಮಾಸ್ತರರ ಗವಸಣಿಗೆ ನನಗೆ ಹಿಡಿಸಿತು. ಡೈ (ಸ್ಲೀವ್ ಕತ್ತರಿಸುವ ಅಚ್ಚು) ಮಾಡುವವರಿಗೆ ಫೋನಿನಲ್ಲಿ ಹೇಳಿದೆ ಕೂಡ. ಆದರೆ ಅದು ಡಬ್ಬಿ ಮೇಲೆ ಬರೆಯುವ ಮಾತಲ್ಲ, ಅಲ್ವಾ? ಅಂಗಿಯ ಮೇಲೆ ಅಂಗಿ ಅಂತ ಯಾರೂ ಬರೆಸಲ್ಲ.

ವಿಜಯಪುರದವರು, ಈಗ ಪುಣೆಯಲ್ಲಿ:

ನಂದು ಪ್ಯಾಕೇಜಿಂಗ್ ಕೆಲಸವೇ, ಅದಕ್ಕೆ ನಡುವೆ ಬಾಯಿ ಹಾಕ್ತೀನಿ. ಒಳಗಿನ ಕೇಕು ಬೇರೆಯೋ, ಅದೇನೋ? ಅದೇ ಆದರೆ ನಿಮ್ಮ ಸಾಲು ಕೇಕಿನ ಬಗ್ಗೆ ಏನೂ ಹೇಳಬಾರದು. ಗಿರಾಕಿಗೆ ಗೊಂದಲ ಆದರೆ ಬಹಳ ಕಷ್ಟ. 2011ರಲ್ಲಿ ಕೋಕಾ-ಕೋಲಾದವರು ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಕೆಂಪು ಕ್ಯಾನ್ ಬಿಟ್ಟು ಬಿಳಿ ಕ್ಯಾನ್ ತಂದರು. ಹಿಮಕರಡಿ ಉಳಿಸುವ ಪ್ರಚಾರ ಅದು. ಎಷ್ಟೋ ಜನ ಅದನ್ನು ಡಯಟ್ ಕೋಕಿನ ಬೆಳ್ಳಿ ಬಣ್ಣದ ಕ್ಯಾನ್ ಅಂದುಕೊಂಡರು. ಒಳಗಿನ ಪಾನೀಯ ಅದೇ ಇದ್ದರೂ ರುಚಿ ಬದಲಾಗಿದೆ ಅಂದವರೂ ಇದ್ದರು. ಹಬ್ಬ ಬರುವ ಮೊದಲೇ ಕೆಂಪು ಕ್ಯಾನ್ ವಾಪಸ್ ಬಂತು. ಸ್ಟಾರ್‌ಬಕ್ಸ್‌ನವರು 1997ರಿಂದ ಹಬ್ಬದ ಕಪ್ ಅಂತ ಬೇರೆಯೇ ತರ್ತಾರೆ. 2015ರಲ್ಲಿ ಚಿತ್ರ ಏನೂ ಇಲ್ಲದ ಬರೀ ಕೆಂಪು ಕಪ್ ತಂದದ್ದಕ್ಕೇ ಅಲ್ಲಿ ದೊಡ್ಡ ಜಗಳ ಆಯಿತು.

ಅಂದರೆ ಅಕ್ಷರಕ್ಕಿಂತ ಮೊದಲು ಜನ ಬಣ್ಣ ಓದ್ತಾರೆ. ನಿಮ್ಮ ಸ್ಲೀವ್ ಕೆಂಪಗಿದೆ, ನಕ್ಷತ್ರ ಇದೆ. ಹಬ್ಬದ್ದು ಅಂತ ಗೊತ್ತಾಯ್ತಲ್ಲ. ಉಳಿದದ್ದು ಒಂದೇ, ಆಮೇಲೆ ಸಿಗಲ್ಲ ಅನ್ನೋದು. ಅದಕ್ಕೊಂದು ಮಾತು ಹುಡುಕಿ, ಸಾಕು.

ಹಾಗೇ ಇನ್ನೊಂದು. ಮೊಟ್ಟೆ ಹಾಕಿದ ಕೇಕಾದರೆ ಮಾಂಸಾಹಾರದ ಕಂದು ತ್ರಿಕೋನದ ಗುರುತು ಬೇಕು. ಕೆಂಪಿನ ಮೇಲೆ ಕಂದು ಕಾಣಲ್ಲ, ಅಲ್ಲಿ ಬಿಳಿ ಜಾಗ ಬಿಡಿ. ಬೆಲೆ, ತೂಕ ಸ್ಲೀವ್ ಕೆಳಗೆ ಮುಚ್ಚಿಹೋಗಬಾರದು.

ಬೆಂಗಳೂರಿನಿಂದ:

ಮಾಸ್ತರರು ‘ನಾತಾಳ’ ಅಂತ ಬರೆದದ್ದನ್ನು ಯಾರೂ ಕೇಳಲೇ ಇಲ್ಲ. ಅದು ಮರಾಟಿ. ಗಡಿಯಲ್ಲಿ ಇರುವವರೇ ಹೀಗೆ ಬರೆದರೆ ಹೇಗೆ?

ಗೋಕಾಕದ ಮಾಸ್ತರರು:

ಗಡಿಯಲ್ಲಿ ಇದ್ದೀವಿ ಅಂತಲೇ ನಮಗೆ ಗೊತ್ತು. ನಾತಾಳ ಮರಾಠಿಗೂ ಎರವಲೇ. ಪೋರ್ಚುಗೀಸರ ನಾತಾಲ್ ಅದು, ಹುಟ್ಟಿಗೆ ಸಂಬಂಧಪಟ್ಟ ಲ್ಯಾಟಿನ್ ಮಾತಿನಿಂದ ಬಂದದ್ದು. ಗೋವೆಗೆ ಇಳಿದು ಘಟ್ಟ ಹತ್ತಿ ನಮ್ಮ ಊರಿಗೆ ಬಂತು. ನಾವು ಸಾಲಿಗೆ ಹೋಗುವಾಗ ಅದು ನಾತಾಳ ಸೂಟಿ. ಕ್ರಿಸ್‌ಮಸ್ ಅನ್ನೋದು ಯಾವ ಊರಿನ ಅಚ್ಚಗನ್ನಡ, ಹೇಳಿ ನೋಡೋಣ. ಪಗಾರ, ಚಾವಿ, ಬಟಾಟಿ, ಪಾದ್ರಿ, ಎಲ್ಲ ಪೋರ್ಚುಗೀಸರ ಹಡಗಿನಲ್ಲೇ ಬಂದವು. ಪಗಾರ ವಾಪಸ್ ಕೊಡ್ತೀರೇನು?

ಬೆಂಗಳೂರಿನಿಂದ:

ನಾವು ಸಂಬಳ ಅನ್ನುತ್ತೇವೆ.

ಗೋಕಾಕದ ಮಾಸ್ತರರು:

ಸಂಬಳ ಸಂಸ್ಕೃತದ ಶಂಬಲ. ದಾರಿಬುತ್ತಿ ಅಂತ ಅರ್ಥ. ಅದನ್ನೂ ಬಿಡಿ, ಬರಿಗೈಲಿ ದುಡಿಯಿರಿ. ಮತ್ತೆ ‘ಭ’ದ ಹೊಟ್ಟೆ ಸೀಳುವುದನ್ನು ಬಿಟ್ಟ ಮಾತ್ರಕ್ಕೆ ‘ಭಾಷೆ’ ಅಚ್ಚಗನ್ನಡ ಆಗುವುದಿಲ್ಲ.

ಧಾರವಾಡದಿಂದ:

ಗುರುವಾರ ಅಂದಿದ್ದರು. ಇವತ್ತು ಬುಧವಾರ.

ಬೆಳಗಾವಿ ಕ್ಯಾಂಪಿನಿಂದ:

ಎರಡು ದಿನದಿಂದ ಓದುತ್ತಿದ್ದೇನೆ. ಹಬ್ಬ ನಮ್ಮದು, ನೀವೇನಂತೀರಿ ಅಂತ ಯಾರೂ ಕೇಳಲಿಲ್ಲ. ಮನೆಯ ಕೊಂಕಣಿಯಲ್ಲಿ ನಾವು ನತಾಲಾಂ ಅಂತೀವಿ. ಕನ್ನಡ ಪ್ರಾರ್ಥನೆಯಲ್ಲಿ ಕ್ರಿಸ್ತ ಜಯಂತಿ ಅಂತ ಬರುತ್ತೆ. ಬಾಜೂ ಮನೆಯವರು ನಾತಾಳ ಯಾವಾಗ್ರಿ ಅಂತ ಕೇಳಿದರೆ ತಾರೀಖು ಹೇಳ್ತೀವಿ, ಪದ ತಿದ್ದಲ್ಲ. ಕುಸ್ವಾರ್ (ಹಬ್ಬದ ತಿಂಡಿಗಳ) ತಟ್ಟೆಗೆ ಒಂದು ಕಸೂತಿ ಬಟ್ಟೆ ಹೊದಿಸಿ ಅವರ ಮನೆಗೆ ಕಳಿಸ್ತೀವಿ. ಅದಕ್ಕೆ ಎಡಿಷನ್ ಗಿಡಿಷನ್ ಏನೂ ಇಲ್ಲ. ಬಟ್ಟೆ ಮಾತ್ರ ವಾಪಸ್ ಬರಬೇಕು, ಅಷ್ಟೇ.

ಪ್ರೆಸ್‌ನ ಅಣ್ಣಾರೆ, ಅಂಗಡಿಯಲ್ಲಿ ನಿಂತು ನಾವು ಏನಂತ ಕೇಳ್ತೀವಿ? ‘ಇದು ಹಬ್ಬಕ್ಕಷ್ಟೇ ಏನ್ರಿ, ಆಮೇಲೂ ಸಿಗ್ತದ?’ ಅಂತ. ಅದನ್ನೇ ಬರೆಯಿರಿ. ನಾಮಪದವೇ ಯಾಕೆ ಬೇಕು?

ಧಾರವಾಡದಿಂದ:

‘ಹಬ್ಬಕ್ಕಷ್ಟೇ’ ಪದವಲ್ಲ, ವಾಕ್ಯದ ತುಂಡು. ನಿಘಂಟಿಗೆ ಹೋಗಲ್ಲ.

ಬೆಳಗಾವಿ ಪ್ರೆಸ್‌ನವರು:

ನನಗೆ ಬೇಕಾಗಿರೋದು ಡಬ್ಬಿಗೆ, ನಿಘಂಟಿಗಲ್ಲ. ಅಕ್ಕಾವ್ರೆ, ಉಪಕಾರ ಆಯ್ತು.

ಬೆಳಗಾವಿ ಪ್ರೆಸ್‌ನವರು, ಆಮೇಲೆ:

ಕ್ಯಾಂಪಿನ ಅಕ್ಕಾವ್ರ ಮಾತನ್ನು ಹಿಡಿದು ‘ಈ ನಾತಾಳಕ್ಕಷ್ಟೇ’ ಅಂತ ಕಳಿಸಿದೆ. ಬೇಕರಿಯವರಿಗೆ ಹಿಡಿಸಿತು. ಆದರೆ ಹುಬ್ಬಳ್ಳಿಗೂ ಡಬ್ಬಿ ಕಳಿಸ್ತಾರಂತೆ, ಅಲ್ಲಿ ಹೊಸಬರಿಗೆ ನಾತಾಳ ಗೊತ್ತಾಗುತ್ತೋ ಇಲ್ಲವೋ, ಕ್ರಿಸ್‌ಮಸ್ ಅನ್ನಿ ಅಂದರು. ಹಾಗೇ ಮಾಡಿದೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರ ಒಂದರ ಕೆಳಗೊಂದು ಕೂತು ‘ಕ್ರಿಸ್ಮಸ್ಗಷ್ಟೇ’ ಆಯಿತು! ಓದಲು ಹೋದರೆ ನಾಲಿಗೆ ಹೊರಳಲ್ಲ. ಕೊನೆಗೆ ಹೋದದ್ದು ‘ಈ ಹಬ್ಬಕ್ಕಷ್ಟೇ’. ಕಂದು ತ್ರಿಕೋನಕ್ಕೆ ಬಿಳಿ ಜಾಗ ಬಿಟ್ಟಿದ್ದೇವೆ, ಪುಣೆಯವರ ಮಾತಿನಂತೆ. ಮರಾಠಿ ಮಗ್ಗುಲಿನಲ್ಲಿ ‘ಮರ್ಯಾದಿತ ಆವೃತ್ತಿ’ ಹಾಗೇ ಇದೆ, ಅದು ಅವರಿಗೆ ಬಿಟ್ಟದ್ದು.

ಪ್ಲೇಟ್ ಆಯಿತು. ಇನ್ನು ಯಾರೂ ತಿದ್ದುಪಡಿ ಕಳಿಸಬೇಡಿ.

ಮಾಸ್ತರರಿಗೆ ಒಂದು ಸುದ್ದಿ. ಡೈ ಮಾಡುವವರ ಬಿಲ್ಲು ಇವತ್ತು ಬಂತು. ಅದರಲ್ಲಿ ‘ಗೌಸಣಿ, 2000’ ಅಂತ ಬರೆದಿದ್ದಾರೆ.

ಗೋಕಾಕದ ಮಾಸ್ತರರು:

ಗೌಸಣಿ ಅಲ್ಲ. ಗವಸಣಿಗೆ.