ಸಹಾಯ ಬೇಕು: ಮನೆಗೆ ನಟ್ಟು-ಬೋಲ್ಟ್ ಬಿಚ್ಚುವ ಯಾವ ಸಾಕೆಟ್ ಸೆಟ್ ತೆಗೆದುಕೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಳೇ ಜೀಪು, ಕಳೆ ಕೊಚ್ಚುವ ಮೆಷಿನ್, ನೀರಿನ ಪಂಪು, ಎಲ್ಲದರ ರಿಪೇರಿಯೂ ನನ್ನದೇ. ಮೊನ್ನೆ ಪಂಪಿನ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವಾಗ 12 ಮೂಲೆಯ ಸಾಕೆಟ್ ಜಾರಿ ಬೋಲ್ಟಿನ ತಲೆಯೇ ಸವೆದು ಗುಂಡಗಾಯಿತು. ಬೆರಳಿಗೂ ಪೆಟ್ಟು! ಇನ್ನು 6 ಮೂಲೆಯದ್ದೇ ಸರಿ.

ಗೊಂದಲ ಇರುವುದು ಡ್ರೈವ್ ಅಳತೆಯಲ್ಲಿ, ಅಂದರೆ ಸಾಕೆಟ್ಟಿಗೆ ಹಿಡಿಕೆ ಕೂರುವ ಚೌಕದ ಅಳತೆಯಲ್ಲಿ. ಜೀಪಿನ ಚಕ್ರದ ನಟ್ಟಿಗೆ 1/2 ಇಂಚಿನದು ಬೇಕೇ ಬೇಕು. ಆದರೆ 8, 10 ಎಂಎಂ ನಟ್ಟಿಗೆ ಅದು ಜಾಸ್ತಿ ಆಯಿತು, ಅಲ್ವಾ? ಸ್ವಲ್ಪ ಬಿಗಿ ಹೆಚ್ಚಾದರೂ ಬೋಲ್ಟ್ ಮುರಿಯುತ್ತದೆ. 3/8 ಇಂಚಿನ ರಾಟ್ಚೆಟ್ (ಸಾಕೆಟ್ ತಿರುಗಿಸುವ ಹಿಡಿಕೆ) ಬೇರೆ ಕೊಳ್ಳಲಾ? ಸುಮ್ನೆ ದೊಡ್ಡ ಪೆಟ್ಟಿಗೆ ತಂದು ಅರ್ಧ ಸಾಮಾನು ಮುಟ್ಟದೆ ಇಡಲು ಮನಸ್ಸಿಲ್ಲ.

ಮಡಿಕೇರಿ, ಕುಶಾಲನಗರದಲ್ಲಿ ಬಿಡಿ ಸಾಕೆಟ್ ಎಲ್ಲಿ ಸಿಗುತ್ತದೆ? ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಹೇಗೆ ಇಡುತ್ತೀರಿ?